ಆಟೋನಗರದಿಂದ ಕೊಲ್ಲೇರಿಗೆ

ಆಂಧ್ರಪ್ರದೇಶದ ವಿಶಾಖಪಟ್ಟಣ, ವಿಜಯವಾಡ ಎಂಬೆರಡು ದೊಡ್ಡ ನಗರಗಳಲ್ಲಿಯೂ ಆಟೋನಗರ್ ಎಂಬ ಹೆಸರಿನ ಬಡಾವಣೆಗಳುಂಟು. ವಿಶಾಖಪಟ್ಟಣದ್ದು ಗಾಜುವಾಕದ ಮಗ್ಗುಲಲ್ಲಿ, ಉಕ್ಕಿನ ಕಾರ್ಖಾನೆಯಿರುವ ಸೀಮೆಯಲ್ಲಿ ಬೆಳೆದದ್ದು. ವಿಜಯವಾಡದ್ದು ಲಾರಿಗಳಿಗೆ ಬಾಡಿ ಕಟ್ಟುವ ಕಸುಬಿನಿಂದ ಹೆಸರು ಪಡೆದದ್ದು. ಲೇತಿನ ಸದ್ದು, ವೆಲ್ಡಿಂಗಿನ ಕಿಡಿ, ಗುಜರಿಯ ರಾಶಿ, ನೆಲಕ್ಕೆಲ್ಲ ಹಿಡಿದ ಎಣ್ಣೆಯ ಕಪ್ಪು, ಇವುಗಳ ನಡುವೆ ಬೆಳೆಯುವ ಮಗುವಿಗೆ ವನ್ಯಜೀವಿಯ ಮೊದಲ ದರ್ಶನವಾಗುವುದು ಬಹುಮಟ್ಟಿಗೆ ಲಾರಿಯ ಹಿಂಬದಿಯ ಹಲಗೆಯ ಮೇಲೆ. ಅಲ್ಲಿ ಪೇಂಟರನ ಕುಂಚದಿಂದ ಮೂಡಿದ ನವಿಲು ಗರಿಗೆದರಿರುತ್ತದೆ, ಗರುಡವು ರೆಕ್ಕೆ ಹರಡಿರುತ್ತದೆ, ಹುಲಿಯು ಬಾಯ್ದೆರೆದಿರುತ್ತದೆ. ಚಿತ್ರಗಳು ಸೊಗಸಾದುವೇ; ಬರೆದ ಕೈಗಳಲ್ಲಿ ನೈಪುಣ್ಯವೂ ಇದೆ. ಆದರೆ ಆ ಹುಲಿಗೆ ಹಸಿವಿಲ್ಲ, ಆ ನವಿಲಿಗೆ ಗೂಡಿಲ್ಲ, ಆ ಗರುಡಕ್ಕೆ ಮೀನು ಹಿಡಿಯಲು ಕೆರೆಯಿಲ್ಲ. ಜೀವಿಯೊಂದನ್ನು ಅದರ ಅನ್ನ, ನೀರು, ನೆಲೆಗಳೊಡನೆ ಕೂಡಿಸಿ ತಿಳಿಯುವುದು ಶಾಲೆಯ ಹೊಣೆಯಾಗಬೇಕಾದುದು.

ಶಾಲೆಯು ಈ ಹೊಣೆಯನ್ನು ಈಗ ನಿರ್ವಹಿಸುತ್ತಿರುವ ಬಗೆಯಾದರೂ ನಮ್ಮ ನಾಡಿನಲ್ಲಿಯೂ ನೆರೆನಾಡಿನಲ್ಲಿಯೂ ಒಂದೇ ಆಗಿದೆ. ವರ್ಷಕ್ಕೊಮ್ಮೆ ಹೊರಸಂಚಾರವೆಂಬುದನ್ನು ಏರ್ಪಡಿಸಿ, ಇನ್ನೂರು ಮುನ್ನೂರು ಮಕ್ಕಳನ್ನು ಬಸ್ಸುಗಳಲ್ಲಿ ತುಂಬಿ, ಬೆಳಗ್ಗೆ ಮೃಗಾಲಯ, ಮಧ್ಯಾಹ್ನ ಪುಳಿಯೋಗರೆ, ಸಂಜೆಗೆ ಕಡಲತೀರವನ್ನು ಮುಗಿಸಿ, ರಾತ್ರಿಯ ವೇಳೆಗೆ ಎಲ್ಲರನ್ನೂ ಎಣಿಸಿ ಮನೆಗೆ ಒಪ್ಪಿಸುವುದರಲ್ಲಿಯೇ ಅಧ್ಯಾಪಕರ ಶಕ್ತಿಯೆಲ್ಲ ವ್ಯಯವಾಗುತ್ತದೆ. ಮಕ್ಕಳಿಗೆ ಸಂತೋಷವಾಗುವುದಿಲ್ಲವೆಂದು ನಾನು ಹೇಳಲಾರೆ. ಸಂತೋಷವೂ ವಿದ್ಯೆಯ ಒಂದು ಅಂಗವೇ. ಆದರೆ ಅರುವತ್ತು ಆವರಣಗಳನ್ನು ಮೂರು ಗಂಟೆಗಳಲ್ಲಿ ದಾಟಿ ಬಂದ ಬಾಲಕನಿಗೆ ಪ್ರಾಣಿಯೊಂದಕ್ಕೆ ಮೂರು ನಿಮಿಷವೂ ದಕ್ಕಲಿಲ್ಲವೆಂಬುದನ್ನು ಮರೆಯಬಾರದು. ವನ್ಯಜೀವಿಗಳ ಪಾಠದಲ್ಲಿ ಕಲಿಸಬೇಕಾದುದು ಪ್ರಾಣಿಗಳ ಪಟ್ಟಿಯಲ್ಲ, ನೋಡುವ ವಿದ್ಯೆ. ಈ ವಿದ್ಯೆಯು ಪ್ರವಾಸದ ದಿನದಂದು ಆರಂಭವಾಗತಕ್ಕದ್ದಲ್ಲ, ಅದಕ್ಕೂ ಬಹಳ ಮೊದಲೇ ಮನೆಯ ಓಣಿಯಲ್ಲಿ ಆರಂಭವಾಗತಕ್ಕದ್ದು. ಈ ಲೇಖನದಲ್ಲಿ ನಾನು ಪ್ರತಿಪಾದಿಸಬಯಸುವುದು ಇಷ್ಟನ್ನೇ.

ಕನ್ನಡಿಗರಿಗೆ ಈ ಮಾತು ಹೊಸದಲ್ಲ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ‘ಬಾಲಪ್ರಪಂಚ’ವನ್ನು ಹೊರತಂದು, ಜಗತ್ತಿನ ಜ್ಞಾನವು ಕನ್ನಡದ ಮಗುವಿನ ಕೈಗೆ ಅದರ ನುಡಿಯಲ್ಲಿಯೇ ದೊರೆಯಬೇಕೆಂದು ತೋರಿಸಿದರು, ಪುತ್ತೂರಿನ ಬಾಲವನವು ಅವರ ಶಿಕ್ಷಣಪ್ರಯೋಗಗಳ ನೆಲವಾಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಬೆಟ್ಟಗಾಡುಗಳಿಗೆ ಕರೆದೊಯ್ದು ಗಿಡಮರಗಳ ಪಾಠ ಹೇಳಿದ ಕಥನವೇ ‘ಹಸುರು ಹೊನ್ನು’. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾದ ಆ ಗ್ರಂಥವು, ಶಾಸ್ತ್ರವು ಕಾಲ್ನಡಿಗೆಯಲ್ಲಿ ಹೇಗೆ ಸರಸವಾಗುವುದೆಂಬುದಕ್ಕೆ ಇಂದಿಗೂ ನಮ್ಮಲ್ಲಿರುವ ಶ್ರೇಷ್ಠ ನಿದರ್ಶನ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಗಳ ಪುಸ್ತಕಗಳು ಹಳ್ಳಿಯ ಶಾಲೆಯ ಕಪಾಟಿನವರೆಗೂ ಹೋಗಿವೆ.

ಕಾನೂನಿನ ಬೆಂಬಲವೂ ಇಲ್ಲದಿಲ್ಲ. 1991ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂ.ಸಿ. ಮೆಹತಾ ಅವರ ಅರ್ಜಿಯ ಮೇಲೆ, ಪರಿಸರವನ್ನು ಶಿಕ್ಷಣದಲ್ಲಿ ಕಡ್ಡಾಯ ವಿಷಯವನ್ನಾಗಿಸಬೇಕೆಂದು ವಿಧಿಸಿತು. 2001ರಲ್ಲಿ ಕೇಂದ್ರ ಸರ್ಕಾರವು ಶಾಲೆಗಳ ಪರಿಸರ ಸಂಘಗಳಿಗಾಗಿ ರಾಷ್ಟ್ರೀಯ ಹಸಿರು ಪಡೆಯನ್ನು ಆರಂಭಿಸಿತು. 1984ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ಪರಿಸರ ಶಿಕ್ಷಣ ಕೇಂದ್ರವು ಅಧ್ಯಾಪಕರಿಗೆ ಬೇಕಾದ ಕೈಪಿಡಿಗಳನ್ನು ಸಿದ್ಧಪಡಿಸುತ್ತ ಬಂದಿದೆ. ಮೈಸೂರಿನ ನಿಸರ್ಗ ಸಂರಕ್ಷಣಾ ಪ್ರತಿಷ್ಠಾನದ ‘ಅರ್ಲಿ ಬರ್ಡ್’ ಎಂಬ ಕಾರ್ಯಕ್ರಮದವರು ಹಕ್ಕಿಗಳ ಭಿತ್ತಿಚಿತ್ರಗಳನ್ನೂ ಕಿರುಹೊತ್ತಗೆಗಳನ್ನೂ ಭಾರತೀಯ ಭಾಷೆಗಳಲ್ಲಿ ಪ್ರಕಟಿಸುತ್ತಾರೆ. ವನ್ಯಜೀವಿ ಅಧ್ಯಯನ ಕೇಂದ್ರವು 2018ರಲ್ಲಿ ತೊಡಗಿದ ‘ವೈಲ್ಡ್ ಶಾಲೆ’ಯು ನಾಗರಹೊಳೆ, ಬಂಡೀಪುರಗಳ ಅಂಚಿನ ಊರುಗಳ ಶಾಲೆಗಳಿಗೆ ಹೋಗಿ, ಆನೆಯೊಡನೆಯೂ ಚಿರತೆಯೊಡನೆಯೂ ನೆರೆಹೊರೆಯಾಗಿ ಬಾಳಬೇಕಾದ ಮಕ್ಕಳೊಡನೆ ಸಂವಾದಿಸುತ್ತದೆ. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ದ ಮೂಲಕ ಕರ್ನಾಟಕದ ಸರ್ಕಾರಿ ಶಾಲೆಗಳ ಮಕ್ಕಳು ಕಾಡಿನೊಳಗೆ ಕಾಲಿಡುತ್ತಿದ್ದಾರೆ. ಸಾಮಗ್ರಿಯ ಅಭಾವವಿದೆಯೆಂದು ಇಂದು ಯಾರೂ ಹೇಳುವಂತಿಲ್ಲ. ಅದನ್ನು ಬಳಸಲು ಬೇಕಾದ ವ್ಯವಧಾನದ ಅಭಾವವೇ ಹೆಚ್ಚಿನದು.

ಇನ್ನು ಓಣಿಯ ಪಾಠದ ವಿಚಾರ. ಕಬ್ಬಿಣದ ಊರಿನಲ್ಲಿ ಜೀವಿಗಳೆಲ್ಲಿಂದ ಬಂದಾವು ಎಂದು ಶಂಕಿಸುವವರು ಒಂದು ಬೆಳಗ್ಗೆ ಯಾವುದಾದರೂ ಕಾರ್ಖಾನೆಯ ತಗಡಿನ ಮಾಡಿನತ್ತ ಕಣ್ಣೆತ್ತಿ ನೋಡಬೇಕು. ಕಾಗೆಯು ಗುಜರಿಯಿಂದ ತಂತಿಯ ತುಂಡನ್ನು ಕಚ್ಚಿಕೊಂಡು ಹೋಗಿ ಗೂಡಿನಲ್ಲಿ ಹೆಣೆಯುತ್ತದೆ. ಗೊರವಂಕವು ಗೋಡೆಯ ತೂತಿನಲ್ಲಿ ಸಂಸಾರ ಹೂಡುತ್ತದೆ. ಹದ್ದುಗಳು ಮಾಂಸದಂಗಡಿಯ ಮೇಲೆ ಸುತ್ತು ಹಾಕುತ್ತವೆ. ದೀಪಕ್ಕೆ ಬಂದ ಹುಳುಗಳನ್ನು ಹಲ್ಲಿಯು ಕಾದು ಹಿಡಿಯುತ್ತದೆ. ನಿಂತ ಲಾರಿಯ ಕೆಳಗೆ ನಾಯಿಯು ಮರಿ ಹಾಕುತ್ತದೆ. ಮಗುವೊಂದು ಹದಿನೈದು ದಿನ ಒಂದೇ ಕಾಗೆಯ ಗೂಡನ್ನು ನೋಡಿ, ಕಂಡದ್ದನ್ನು ನೋಟುಪುಸ್ತಕದಲ್ಲಿ ತನ್ನ ಮಾತಿನಲ್ಲಿಯೇ ಬರೆದು, ಬಂದಂತೆ ಚಿತ್ರಿಸಿತೆಂದರೆ, ಮೃಗಾಲಯಕ್ಕೆ ಹೋಗಲು ಅದಕ್ಕೆ ಅರ್ಹತೆ ಬಂದಿತೆಂದು ನಾನು ಎಣಿಸುತ್ತೇನೆ. ಅದಲ್ಲದೆ, ಫಿಟ್ಟರನ ಮಕ್ಕಳಿಗೆ ಈ ವಿದ್ಯೆಯಲ್ಲಿ ಸಹಜವಾದ ಒಂದು ಸಿದ್ಧತೆಯುಂಟೆಂಬುದು ನನ್ನ ನಂಬಿಕೆ: ಯಂತ್ರದ ಯಾವ ಭಾಗವು ಯಾವ ಕೆಲಸಕ್ಕೆಂದು ಬಿಚ್ಚಿ ನೋಡುವವರ ನಡುವೆ ಬೆಳೆದವರು, ಹಕ್ಕಿಯ ಕೊಕ್ಕಿನ ಆಕಾರಕ್ಕೆ ಕಾರಣವೇನೆಂಬ ಪ್ರಶ್ನೆಯನ್ನು ಇತರರಿಗಿಂತ ಬೇಗ ಕೇಳಬಲ್ಲರು.

ಗಾಜುವಾಕದಿಂದ ಇಪ್ಪತ್ತು ಕಿಲೋಮೀಟರಿಗೆ ಮಿಕ್ಕ ದೂರದಲ್ಲಿ, ವಿಶಾಖಪಟ್ಟಣದ ಇನ್ನೊಂದು ತುದಿಯಲ್ಲಿ ಇಂದಿರಾ ಗಾಂಧಿ ಪ್ರಾಣಿಸಂಗ್ರಹಾಲಯವಿದೆ. 1977ರಲ್ಲಿ ತೆರೆದ ಈ ಉದ್ಯಾನವು 625 ಎಕರೆಗಳಷ್ಟು ವಿಸ್ತಾರವಾಗಿದ್ದು, ಒಂದು ಬಾಗಿಲನ್ನು ಹೆದ್ದಾರಿಯ ಕಡೆಗೂ ಇನ್ನೊಂದನ್ನು ಕಡಲ ದಾರಿಯ ಕಡೆಗೂ ತೆರೆದುಕೊಂಡು, ಪೂರ್ವಘಟ್ಟದ ಬೆಟ್ಟಗಳಿಗೂ ಬಂಗಾಳಕೊಲ್ಲಿಗೂ ನಡುವೆ ನೆಲಸಿದೆ. 1892ರಲ್ಲಿ ಚಾಮರಾಜೇಂದ್ರ ಒಡೆಯರು ಸ್ಥಾಪಿಸಿದ ಮೈಸೂರಿನ ಮೃಗಾಲಯವನ್ನು ಕಂಡವರಿಗೆ ಇಲ್ಲಿಯ ವೈಶಾಲ್ಯವೂ ಅರೆಗಾಡಿನ ಸ್ವರೂಪವೂ ಬೇರೆಯೇ ಒಂದು ಅನುಭವ. ಮೈಸೂರಿನಲ್ಲಿ ಮೃಗಾಲಯದ ಯುವ ಸಂಘದ ಮಕ್ಕಳು ಮತ್ತೆ ಮತ್ತೆ ಅಲ್ಲಿಗೇ ಬಂದು ಕಲಿಯುತ್ತಾರೆ. ಮರಳಿ ಬರುವ ಆ ಪದ್ಧತಿಯೇ ಅಲ್ಲಿಯ ಶಿಕ್ಷಣಕ್ಕೆ ಜೀವಾಳ, ಹಾಗೂ ಬೇರೆಯವರು ಅನುಕರಿಸಬೇಕಾದುದು.

ವಿಶಾಖಪಟ್ಟಣದಲ್ಲಿ ನಾನು ಅಧ್ಯಾಪಕನಾಗಿದ್ದರೆ ಮಕ್ಕಳನ್ನು ನೇರವಾಗಿ ಕೆನ್ನಾಯಿಗಳ ಬಳಿಗೆ ಕರೆದೊಯ್ಯುತ್ತಿದ್ದೆ. ಸೀಳುನಾಯಿಯೆಂದೂ ಕರೆಯಲ್ಪಡುವ ಈ ಪ್ರಾಣಿಯ ಸಂರಕ್ಷಣಾ ಸಂತಾನಾಭಿವೃದ್ಧಿಗೆ ಈ ಸಂಗ್ರಹಾಲಯವು ದೇಶದಲ್ಲಿಯೇ ಪ್ರಮುಖ ಕೇಂದ್ರವಾಗಿದೆ. ಸಿಂಹದ ಮುಂದೆ ನೆರೆಯುವ ಗುಂಪು ಕೆನ್ನಾಯಿಯ ಮುಂದೆ ನೆರೆಯುವುದಿಲ್ಲ. ನಾಯಿಯೆಂದೇ ತಿಳಿದು ಮುಂದೆ ನಡೆದುಬಿಡುತ್ತದೆ. ಆದರೆ ಅರ್ಧ ಗಂಟೆ ನಿಂತು ನೋಡಿದವರಿಗೆ ತಿಳಿಯುವುದೇನು! ಅವು ಬೊಗಳುವುದಕ್ಕೆ ಬದಲಾಗಿ ಸಿಳ್ಳಿನಂಥ ಸ್ವರದಿಂದ ಒಂದನ್ನೊಂದು ಕರೆಯುತ್ತವೆ, ಗುಂಪಾಗಿ ಬೇಟೆಯಾಡುತ್ತವೆ, ಬೇಟೆಯಿಂದ ಮರಳಿ ಬಂದು, ತಿಂದ ಮಾಂಸವನ್ನು ಕಕ್ಕಿ ಮರಿಗಳಿಗೆ ಉಣಿಸುತ್ತವೆ, ತನ್ನ ಮರಿಯೆಂಬ ಭೇದವಿಲ್ಲದೆ ಗುಂಪಿನ ಇತರ ಕೆನ್ನಾಯಿಗಳೂ ಈ ಪೋಷಣೆಯಲ್ಲಿ ಪಾಲುಗೊಳ್ಳುತ್ತವೆ. ಒಂದು ಕಾಲಕ್ಕೆ ಇವನ್ನು ಕ್ರೂರ ಪೀಡೆಗಳೆಂದು ಬಗೆದು, ಕೊಂದು ತಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿದ್ದಿತು. ಆ ಪದ್ಧತಿಯು ನಿಂತದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ. ಇನಾಮು ಕೊಟ್ಟ ಸರ್ಕಾರವೇ ಇಂದು ಮರಿಗಳನ್ನು ಎಣಿಸಿ ಹರ್ಷಿಸುತ್ತಿದೆಯೆಂದ ಮೇಲೆ, ಮನುಷ್ಯನ ತೀರ್ಪು ಹೇಗೆ ಬದಲಾಯಿತು, ಏಕೆ ಬದಲಾಯಿತು ಎಂಬ ಚರ್ಚೆಗೆ ಎಂಟನೆಯ ತರಗತಿಯ ಮಕ್ಕಳು ಧಾರಾಳವಾಗಿ ಸಮರ್ಥರು. ಕನ್ನಡದ ಓದುಗರಿಗಂತೂ ಕೃಪಾಕರ-ಸೇನಾನಿಯವರು ಬಂಡೀಪುರದ ಕಾಡಿನಲ್ಲಿ ವರ್ಷಗಟ್ಟಲೆ ಹಿಂಬಾಲಿಸಿ ಈ ಪ್ರಾಣಿಯ ಬಾಳನ್ನು ಬಿಡಿಸಿಟ್ಟಿದ್ದಾರೆ.

ಇದೇ ಊರಿನ ಇನ್ನೊಂದು ವೃತ್ತಾಂತವೂ ಮಕ್ಕಳಿಗೆ ಹೇಳತಕ್ಕದ್ದು. 1998ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಸರ್ಕಸ್ಸಿನ ಆಟಗಳಲ್ಲಿ ಬಳಸುವುದನ್ನು ನಿಷೇಧಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಷೇಧವನ್ನು ಎತ್ತಿಹಿಡಿಯಿತು. ಆಗ ನೆಲೆಯಿಲ್ಲದಾದ ಮೃಗಗಳಿಗಾಗಿ ದೇಶದಲ್ಲಿ ಕಟ್ಟಿದ ಕೆಲವೇ ಪುನರ್ವಸತಿ ಕೇಂದ್ರಗಳಲ್ಲಿ ಒಂದು ವಿಶಾಖಪಟ್ಟಣದಲ್ಲಿದೆ. ನಮ್ಮ ಬನ್ನೇರುಘಟ್ಟದಲ್ಲಿ ಮತ್ತೊಂದು. ಉರಿಯುವ ಬಳೆಯೊಳಗೆ ಹಾರಿ ಹಾರಿ ಮುದಿಯಾದ ಸಿಂಹವನ್ನು ಕಾಡಿಗೆ ಬಿಡಲಾಗದು, ಬೇಟೆಯನ್ನೇ ಅರಿಯದ ಅದಕ್ಕೆ ಅಲ್ಲಿ ಬಾಳುವ ಬಗೆ ಗೊತ್ತಿಲ್ಲ. ಸಾಯುವ ತನಕ ಅದಕ್ಕೆ ಅನ್ನವಿಕ್ಕಿ ನೆರಳು ಕೊಡುವುದೊಂದೇ ಮನುಷ್ಯನಿಗೆ ಉಳಿದ ಪ್ರಾಯಶ್ಚಿತ್ತ. ಇದನ್ನು ಕೇಳಿದ ಮಗುವು ಪಂಜರದ ಪ್ರಾಣಿಗೆ ಕಲ್ಲೆಸೆಯುವುದುಂಟೆ?

ಸಂಗ್ರಹಾಲಯದ ಮಗ್ಗುಲಲ್ಲೇ, ಹೆದ್ದಾರಿಯ ಆಚೆಗೆ, ಕಂಬಾಲಕೊಂಡ ವನ್ಯಜೀವಿಧಾಮ. ಹಿಂದೆ ವಿಜಯನಗರಂ ಅರಸರ ಅಧೀನದಲ್ಲಿದ್ದು, ಆಮೇಲೆ ಅರಣ್ಯ ಇಲಾಖೆಗೆ ಸೇರಿ, 2002ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಈ ಕಾಡು ಸುಮಾರು ಎಪ್ಪತ್ತು ಚದರ ಕಿಲೋಮೀಟರುಗಳಷ್ಟಿದೆ. ಚಿರತೆ, ಕಡವೆ, ಕಾಡುಕುರಿ, ಚಿಪ್ಪುಹಂದಿಗಳು ಇಲ್ಲಿವೆ. ಆದರೆ ಹಗಲಿನಲ್ಲಿ ಬಂದ ಶಾಲೆಯ ಗುಂಪಿಗೆ ಇವುಗಳಲ್ಲಿ ಒಂದೂ ಕಾಣದಿರುವುದೇ ಸಂಭವ. ಇದನ್ನು ಅಧ್ಯಾಪಕರು ಹೊರಡುವ ಮುನ್ನವೇ ಸ್ಪಷ್ಟವಾಗಿ ಹೇಳಿಬಿಡಬೇಕು. ಕಾಡಿನಲ್ಲಿ ಓದಬೇಕಾದುದು ಗುರುತುಗಳನ್ನು: ಕೆಸರಿನಲ್ಲಿ ಮೂಡಿದ ಗೊರಸು, ಗೆದ್ದಲಹುತ್ತದ ಮೈಮೇಲೆ ಉಗುರಿನಿಂದ ಕೆದಕಿದ ಗೀರು, ಅರ್ಧ ಕಡಿದ ಹಣ್ಣು, ಮರದ ಬುಡದ ಹಿಕ್ಕೆ. ಕಾಣದ ಪ್ರಾಣಿಯನ್ನು ಅದರ ಕುರುಹಿನಿಂದ ಊಹಿಸಿ, ಊಹೆಯನ್ನು ಇನ್ನೊಂದು ಕುರುಹಿನಿಂದ ಪರೀಕ್ಷಿಸುವುದು ವಿಜ್ಞಾನದ ಆದ್ಯಪಾಠವೇ ಆಗಿದೆ. 2014ರ ಅಕ್ಟೋಬರ್ 12ರಂದು ಈ ಕರಾವಳಿಯನ್ನು ಹೊಡೆದ ಹುದ್‌ಹುದ್ ಚಂಡಮಾರುತವು ನಗರದ ಮರಗಳನ್ನೂ ಈ ಬೆಟ್ಟಗಳ ಮರಗಳನ್ನೂ ಬಹಳವಾಗಿ ಕೆಡವಿತು. ಮರ ಬಿದ್ದ ತೆರಪಿನಲ್ಲಿ ಬೆಳಕು ನೆಲ ಮುಟ್ಟಿದ ಮೇಲೆ ಮೊದಲು ಏನು ಬೆಳೆಯಿತು, ಆಮೇಲೆ ಏನು ಬೆಳೆಯಿತು, ಯಾವ ಬೀಜವನ್ನು ಗಾಳಿ ತಂದಿತು, ಯಾವುದನ್ನು ಹಕ್ಕಿ ತಂದಿತು ಎಂದು ಕೇಳುತ್ತ ನಡೆದರೆ, ಮಗುವಿನಷ್ಟೇ ವಯಸ್ಸಿನ ಮರವೊಂದು ಅದಕ್ಕೆ ಸಿಕ್ಕೀತು.

ವಿಜಯವಾಡದ ಮಕ್ಕಳ ಮುಂದಿರುವ ಪುಸ್ತಕವು ಬೇರೆ. ನನ್ನ ಮನಸ್ಸಿಗೆ ಅದು ಇನ್ನೂ ಸಮೃದ್ಧವಾದುದು. ಕೃಷ್ಣಾ ಗೋದಾವರಿಗಳ ಮುಖಜಭೂಮಿಗಳ ನಡುವಣ ತಗ್ಗಿನಲ್ಲಿ ಕೊಲ್ಲೇರು ಎಂಬ ವಿಶಾಲವಾದ ಸಿಹಿನೀರಿನ ಸರೋವರವಿದೆ. ಬುಡಮೇರು, ತಮ್ಮಿಲೇರು ಮೊದಲಾದ ಹೊಳೆಗಳು ಅದಕ್ಕೆ ನೀರು ತರುತ್ತವೆ; ಉಪ್ಪುಟೇರು ಅದರ ನೀರನ್ನು ಕಡಲಿಗೆ ಒಯ್ಯುತ್ತದೆ. ಬುಡಮೇರುವಿನ ಹೆಸರನ್ನು ವಿಜಯವಾಡದ ಯಾವ ಮಗುವೂ ಮರೆಯಲಾರದು, ಏಕೆಂದರೆ 2024ರ ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಆ ಹೊಳೆಯೇ ಉಕ್ಕಿ ನಗರದ ಅನೇಕ ಬಡಾವಣೆಗಳನ್ನು ಮುಳುಗಿಸಿತು. ಮನೆಯೊಳಗೆ ನುಗ್ಗಿದ ನೀರು ಎಲ್ಲಿಗೆ ಹೋಗಬೇಕಾಗಿದ್ದಿತು ಎಂಬ ಪ್ರಶ್ನೆಯೊಡನೆ ಬಸ್ಸು ಹತ್ತಿದ ಮಕ್ಕಳಿಗೆ ಕೊಲ್ಲೇರು ಕೇವಲ ನೋಡುವ ತಾಣವಾಗಿ ಉಳಿಯದು. ಕೆರೆ ಹೊಳೆಗಳ ಮಡಿಲನ್ನು ಮನುಷ್ಯನು ಕಿರಿದುಗೊಳಿಸಿದರೆ ಹಕ್ಕಿಗೂ ಕೇಡು, ಮನುಷ್ಯನಿಗೂ ಕೇಡು ಎಂಬುದು ಅಲ್ಲಿ ಕಣ್ಣಿಗೆ ಕಾಣುವ ಸಂಗತಿ.

ಕೊಲ್ಲೇರಿನ ಹಿರಿಯ ನಿವಾಸಿ ಹೆಜ್ಜಾರ್ಲೆ. 1946ರಲ್ಲಿ ಕೆ.ಕೆ. ನೀಲಕಂಠನ್ ಎಂಬವರು, ಮುಂದೆ ಇಂದುಚೂಡನ್ ಎಂಬ ಅಂಕಿತದಿಂದ ಮಲೆಯಾಳದಲ್ಲಿ ಹಕ್ಕಿಗಳ ಕುರಿತು ಬರೆದು ಪ್ರಸಿದ್ಧರಾದ ಇಂಗ್ಲಿಷ್ ಅಧ್ಯಾಪಕರು, ಈ ಸೀಮೆಯಲ್ಲಿ ಹೆಜ್ಜಾರ್ಲೆಗಳ ಬಲು ದೊಡ್ಡದೊಂದು ಗೂಡುನೆಲೆಯನ್ನು ಕಂಡು ಲೋಕಕ್ಕೆ ತಿಳಿಸಿದರು. ಪ್ರಾಣಿಶಾಸ್ತ್ರದ ಪಂಡಿತರಲ್ಲ, ಭಾಷೆಯ ಮೇಷ್ಟರು! ನಮ್ಮ ಶಾಲೆಗಳಲ್ಲಿ ಇಂಥ ಪ್ರವಾಸವನ್ನು ವಿಜ್ಞಾನದ ಮೇಷ್ಟರ ತಲೆಗೇ ಕಟ್ಟುವವರು ಇದನ್ನು ಗಮನಿಸಬೇಕು. ಎಪ್ಪತ್ತರ ದಶಕದ ನಡುವಿಗೆ ಆ ನೆಲೆಯು ಬರಿದಾಯಿತು. ಎಷ್ಟೋ ಕಾಲದ ಮೇಲೆ ಹಕ್ಕಿಗಳು ಮರಳಿ ಬಂದು ಕೈಕಲೂರಿನ ಬಳಿಯ ಆಟಪಾಕದಲ್ಲಿ ನೆಲಸಿದುವು. 1999ರಲ್ಲಿ 308 ಚದರ ಕಿಲೋಮೀಟರು ಪ್ರದೇಶವು ವನ್ಯಜೀವಿಧಾಮವಾಯಿತು. 2002ರಲ್ಲಿ ಕೊಲ್ಲೇರು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಅಷ್ಟಾದರೂ ಸರೋವರದೊಳಗೆ ಮೀನಿನ ಕೊಳಗಳ ಏರಿಗಳು ಏಳುತ್ತಲೇ ಹೋಗಿ, 2006ರಲ್ಲಿ ಸರ್ಕಾರವು ಅವನ್ನು ಒಡೆದುಹಾಕಬೇಕಾಯಿತು. ಆ ಕಾರ್ಯಾಚರಣೆಯಿಂದ ಕೆಲವರ ಜೀವನೋಪಾಯಕ್ಕೆ ಪೆಟ್ಟು ಬಿದ್ದುದೂ ನಿಜ, ಸರೋವರಕ್ಕೆ ಉಸಿರು ಬಂದುದೂ ನಿಜ. ಮಕ್ಕಳಿಗೆ ಎರಡನ್ನೂ ಮರೆಮಾಚದೆ ಹೇಳಬೇಕು. ಈ ಸೀಮೆಯ ಕೊಳಗಳ ಮೀನು ಮಂಜುಗಡ್ಡೆಯಲ್ಲಿ ಹುದುಗಿ ಬಂಗಾಳಕ್ಕೂ ಅಸ್ಸಾಮಿಗೂ ಹೋಗುವುದು ಲಾರಿಗಳಲ್ಲಿ, ಮತ್ತು ಲಾರಿಗೆ ಬಾಡಿ ಕಟ್ಟುವುದು ತಮ್ಮ ಮನೆಯವರ ಕಸುಬು ಎಂದು ಅರಿತಾಗ, ಹೆಜ್ಜಾರ್ಲೆಯ ಬಾಳಿನೊಂದಿಗೆ ತಮ್ಮ ಅನ್ನವೂ ಹೆಣೆದುಕೊಂಡಿರುವುದು ಅವರಿಗೆ ಗೋಚರವಾಗುತ್ತದೆ.

ಆಟಪಾಕದಲ್ಲಿ ಇನ್ನೊಂದು ವಿಶೇಷವುಂಟು. ಗೂಡು ಕಟ್ಟಲು ಮರಗಳು ಸಾಲದಾದಾಗ ಅರಣ್ಯ ಇಲಾಖೆಯವರು ನೀರಿನ ನಡುವೆ ಕಬ್ಬಿಣದ ನಿಲುವುಗಳನ್ನು ನಿಲ್ಲಿಸಿದರು. ಹೆಜ್ಜಾರ್ಲೆಗಳು ಅವನ್ನು ಒಪ್ಪಿಕೊಂಡು ಅವುಗಳ ಮೇಲೆ ಸಂಸಾರ ಹೂಡಿದುವು. ವೆಲ್ಡಿಂಗಿನ ಕಿಡಿಗಳ ನಡುವೆ ಬೆಳೆದ ಹುಡುಗಿಯೊಬ್ಬಳಿಗೆ ಇದಕ್ಕಿಂತ ಆಪ್ತವಾದ ವನ್ಯಜೀವಿ ಪಾಠವನ್ನು ಯಾವ ಪುಸ್ತಕ ಕೊಡಬಲ್ಲದು? ಆ ನಿಲುವಿನ ಕೊಂಬೆಗಳ ನಡುವೆ ಎಷ್ಟು ಅಂತರ ಬೇಕು, ತುಕ್ಕು ಹಿಡಿಯದಂತೆ ಏನು ಮಾಡಬೇಕು, ಬಿಸಿಲಿನಲ್ಲಿ ಕಬ್ಬಿಣ ಕಾದರೆ ಮರಿಗೆ ಏನಾದೀತು ಎಂದು ಅವಳು ಕೇಳುವ ಪ್ರಶ್ನೆಗಳಿಗೆ ಅಧಿಕಾರಿಗಳು ಕೂಡ ಕಿವಿಗೊಡುವಂತಿರುತ್ತದೆ. ಇದರೊಡನೆ ನಮ್ಮ ಮದ್ದೂರು ಸೀಮೆಯ ಕೊಕ್ಕರೆ ಬೆಳ್ಳೂರನ್ನು ಹೋಲಿಸಿ ಹೇಳಬಹುದು: ಅಲ್ಲಿ ಇದೇ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಊರ ನಡುವಣ ಹುಣಿಸೆಮರಗಳಲ್ಲಿ ಗೂಡು ಕಟ್ಟುತ್ತವೆ, ಊರವರು ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಸಲೀಂ ಅಲಿಯವರ ಮಾತಿಗೆ ಓಗೊಟ್ಟು 1940ರಲ್ಲಿ ಮೈಸೂರು ಸಂಸ್ಥಾನವು ರಂಗನತಿಟ್ಟನ್ನು ಪಕ್ಷಿಧಾಮವಾಗಿಸಿದ ಕಥೆಯೂ ಇಲ್ಲಿಗೆ ಸಲ್ಲುತ್ತದೆ. ಒಂದು ಕಡೆ ಹುಣಿಸೆಮರ, ಒಂದು ಕಡೆ ಹೊಳೆಯ ನಡುಗಡ್ಡೆ, ಒಂದು ಕಡೆ ಕಬ್ಬಿಣದ ಕಂಬ. ಹಕ್ಕಿಗೆ ಬೇಕಾದದ್ದು ನೀರು, ಮೀನು, ಮತ್ತು ನಿರ್ಭಯ.

ಕಡಲಿನ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ವಿಶಾಖಪಟ್ಟಣದ ಮರಳದಂಡೆಗಳಿಗೆ ವರ್ಷದ ಮೊದಲ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ರಾತ್ರಿಯ ಹೊತ್ತು ಬಂದು, ಒಂದೊಂದೂ ನೂರರಷ್ಟು ಮೊಟ್ಟೆಗಳನ್ನು ಹುಗಿದಿಟ್ಟು ಹೋಗುತ್ತವೆ. ಹೊನ್ನಾವರದ ಟೊಂಕದ ದಂಡೆಗೆ ಬರುವುವೂ ಇವೇ. ಮರಳಿನ ಬಿಸಿಯನ್ನು ಅನುಸರಿಸಿ ಮರಿಯು ಗಂಡೋ ಹೆಣ್ಣೋ ಎಂಬುದು ನಿರ್ಣಯವಾಗುತ್ತದೆ. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕಿನತ್ತ ಹರಿಯುವುದರಿಂದ, ದಂಡೆಯ ದೀಪಗಳು ಅವನ್ನು ಕಡಲಿಗೆ ಬದಲಾಗಿ ರಸ್ತೆಗೆ ಸೆಳೆಯುತ್ತವೆ. ಸಂಜೆಯ ಆಟಕ್ಕೆಂದು ಮಕ್ಕಳನ್ನು ಕಡಲಿಗೆ ಕರೆತರುವ ಶಾಲೆಗಳು ಬೆಳಗಿನ ಜಾವದಲ್ಲಿ ಒಮ್ಮೆ, ಮರಿಗಳನ್ನು ನೀರಿಗೆ ಬಿಡುವ ಅರಣ್ಯ ಸಿಬ್ಬಂದಿಯವರೊಡನೆ, ಕರೆತರಬಾರದೇಕೆ?

ವ್ಯವಸ್ಥೆಯ ವಿಷಯದಲ್ಲಿ ಹೇಳಬೇಕಾದುದು ಹೆಚ್ಚೇನಿಲ್ಲ. ಒಬ್ಬ ಅಧ್ಯಾಪಕರ ಜತೆ ಹದಿನೈದು ಮಕ್ಕಳಿಗಿಂತ ಹೆಚ್ಚು ಇರಬಾರದು. ಇನ್ನೂರು ಮಕ್ಕಳ ಒಂದು ಪ್ರವಾಸಕ್ಕಿಂತ ನಲವತ್ತು ಮಕ್ಕಳ ಐದು ಪ್ರವಾಸಗಳೇ ಮೇಲು. ಮೈಕು ಬೇಡ, ಕಣ್ಣು ಕೋರೈಸುವ ಬಣ್ಣದ ಬಟ್ಟೆ ಬೇಡ. ದುರ್ಬೀನುಗಳು ನಾಲ್ಕು ಮಕ್ಕಳಿಗೆ ಒಂದರಂತೆ ಇದ್ದರೆ ಸಾಕು, ಸರದಿ ಕಾಯುವವರು ಬರಿಗಣ್ಣಿನಿಂದ ನೋಡಿ ಬರೆಯುತ್ತಿರಬಹುದು. ಕಾಲದ ಆಯ್ಕೆಯಲ್ಲಿ ಮಾತ್ರ ವಿವೇಕ ಬೇಕು. ಅಕ್ಟೋಬರ್ 2ರಿಂದ 8ರವರೆಗಿನ ವನ್ಯಜೀವಿ ಸಪ್ತಾಹದಲ್ಲಿಯೇ ಎಲ್ಲವನ್ನೂ ಮುಗಿಸಬೇಕೆಂಬ ಆತುರವು ಶಾಲೆಗಳಲ್ಲಿ ಕಾಣುತ್ತದೆ. ಈ ಕರಾವಳಿಗೆ ಅದು ಚಂಡಮಾರುತಗಳ ಋತು, ಅನೇಕ ವೇಳೆ ದಸರೆಯ ರಜೆಯೂ ಹೌದು. ಸಪ್ತಾಹವನ್ನು ಓಣಿಯ ಪಾಠಕ್ಕೆ ಬಿಟ್ಟು, ಕೊಲ್ಲೇರಿಗೆ ಹಕ್ಕಿಗಳು ನೆರೆದಿರುವ ಜನವರಿಯಲ್ಲಿ ಹೋಗುವುದು ಯುಕ್ತ. ಕಂಬಾಲಕೊಂಡಕ್ಕಾದರೆ ಆಗಸ್ಟಿನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ, ಅದೇ ದಾರಿಯಲ್ಲಿ, ಅದೇ ನೋಟುಪುಸ್ತಕದೊಡನೆ ಹೋಗಬೇಕು. ಎರಡನೆಯ ಪ್ರವಾಸದ ವೆಚ್ಚಕ್ಕೆ ಹಣವೆಲ್ಲಿಂದ ಎಂದು ಮುಖ್ಯೋಪಾಧ್ಯಾಯರು ಕೇಳಿದರೆ, ಮೊದಲನೆಯದರಲ್ಲಿ ಐದು ತಾಣಗಳಿಗೆ ಬದಲಾಗಿ ಒಂದನ್ನೇ ಇಟ್ಟುಕೊಂಡರೆ ಡೀಸೆಲಿನಲ್ಲಿಯೇ ಅದು ಉಳಿಯುತ್ತದೆಯೆಂದು ಲೆಕ್ಕ ಹಾಕಿ ತೋರಿಸಲು ಆಟೋನಗರದ ಯಾವ ಡ್ರೈವರನಾದರೂ ಸಿದ್ಧನಿರುವನು.